ಒಂದೂವರೆ ಗೆರೆ ಕೆಳಗೆ

ಮೊನ್ನೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಹೊಸಪೇಟೆಯ ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿದ್ದೆ. ಎದುರಿಗೆ ಸ್ಪಿರಿಟ್ ದೀಪ, ಅದರ ಮೇಲೆ ಕುದಿಯುವ ನೀರು, ಪಕ್ಕದಲ್ಲಿ ಖಾಕಿ ಕೋಟಿನ ತಾತ...

ತಾತ ಅಂದರೆ ನನ್ನ ಸ್ವಂತ ತಾತನಲ್ಲ. ಆ ಕೋಣೆಯ ಜವಾನ. ಪಾಪಿನಾಯಕನಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದರು. ಓದು ಬರಹ ಗೊತ್ತಿರಲಿಲ್ಲ. ಶಾಲೆಗಿದ್ದದ್ದು ಒಂದೇ ಥರ್ಮಾಮೀಟರು, ಮದರಾಸಿನಿಂದ ಬಂದದ್ದು. ಅದನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿಡುತ್ತಿದ್ದರು. ನಮ್ಮ ಕೈಗೆ ಕೊಡುವಾಗ, "ಹಗೂರ ಹಿಡೀರಪ್ಪಾ, ಕೂಸಿದ್ದಂಗ ಅದು," ಅನ್ನುತ್ತಿದ್ದರು.

ಕುದಿಯುವ ನೀರಿನ ಬಿಸಿ ಅಳೆಯುವುದು ನಮ್ಮ ಮೊದಲ ಪ್ರಯೋಗ. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ನನಗೆ ತೊಂಬತ್ತೆಂಟು, ತೊಂಬತ್ತೆಂಟೂವರೆ, ಆಮೇಲೆ ತೊಂಬತ್ತೊಂಬತ್ತಕ್ಕೆ ತುಸು ಕಡಿಮೆ ಬಂತು. ರಫ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಮೂರು ಸಲಕ್ಕೆ ಮೂರು ಅಂಕಿ ಬಂದದ್ದು ನನ್ನ ಕಣ್ಣಿನ ತಪ್ಪು, ನೂರು ಬಾರದ್ದು ನನ್ನ ಕೈಯ ತಪ್ಪು ಅಂದುಕೊಂಡೆ. ಪಠ್ಯಪುಸ್ತಕದಲ್ಲಿ ನೂರು ಅಂತ ಅಚ್ಚಾಗಿತ್ತಲ್ಲ! ಮೇಷ್ಟ್ರಿಗೆ ಒಪ್ಪಿಸುವ ಪುಸ್ತಕದಲ್ಲಿ ಮಸಿಯಿಂದ ದುಂಡಗೆ ಬರೆದೆ: ನೂರು, ನೂರು, ನೂರು. ತರಗತಿಯ ಎಲ್ಲರೂ ಹಾಗೇ ಬರೆದಿದ್ದರು. ಮೇಷ್ಟ್ರು ಇತಿಹಾಸದವರು, ವಿಜ್ಞಾನವನ್ನೂ ಅವರ ತಲೆಗೇ ಕಟ್ಟಿದ್ದರು ಪಾಪ. ನೂರು ಕಂಡರೆ ರುಜು ಹಾಕುತ್ತಿದ್ದರು.

ಒಂದು ದಿನ ಹೆಡ್‌ಮಾಸ್ಟರು ಬಂದು ತಾವೇ ಅಳೆದರು. ತೊಂಬತ್ತೆಂಟೂವರೆ. ಇನ್ನೊಮ್ಮೆ ಅಳೆದರು, ಅಷ್ಟೇ. ನಮ್ಮ ಪುಸ್ತಕಗಳನ್ನು ತರಿಸಿ ಒಂದೊಂದಾಗಿ ತಿರುವಿ ಹಾಕಿದರು. ಎಲ್ಲದರಲ್ಲೂ ನೂರು.

"ಹೋದ ತಿಂಗಳ ತನಕ ಸರಿ ಇತ್ತಲ್ಲ. ಎಲ್ಲಿ ಬೀಳಿಸಿದಿ? ಖರೇ ಹೇಳು," ಎಂದು ತಾತನನ್ನು ಗದರಿದರು.

"ಇಲ್ರೀ ಸ್ವಾಮಿ. ನಾ ಬಂದಾಗಿಂದ ಅದು ಆ ಉದ್ದನ ಗೆರಿಗಿಂತ ಒಂದೂವರಿ ಗೆರಿ ಕೆಳಗ ನಿಂದರ್ತೈತಿ," ಎಂದ ತಾತ ನಮ್ಮ ಕಡೆ ತಿರುಗಿದರು. "ನೀವು ನೋಡೀರಲ್ಲಪ್ಪಾ... ಹೇಳ್ರಿ."

ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ನಮ್ಮ ನೂರುಗಳೆಲ್ಲ ಸುಳ್ಳೆಂದು ಬಯಲಾಗುತ್ತಿತ್ತು. ರಫ್ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದೆ. ಮರುದಿನದಿಂದ ತಾತ ಬರಲಿಲ್ಲ. ಬರಬೇಡವೆಂದು ಹೇಳಿ ಕಳಿಸಿದ್ದರು.

ಮುಂದೆ ಅನಂತಪುರದಲ್ಲಿ ಕಾಲೇಜಿಗೆ ಸೇರಿದಾಗ ಅಧ್ಯಾಪಕರೊಬ್ಬರು ಹೇಳಿದರು: ನೂರು ಅನ್ನುವುದು ಸಮುದ್ರದ ಪಕ್ಕದ ಮಾತು, ನಮ್ಮ ಕಡೆಯಂಥ ಎತ್ತರದ ಊರುಗಳಲ್ಲಿ ನೀರು ಅದಕ್ಕಿಂತ ಕಡಿಮೆ ಬಿಸಿಗೇ ಕುದಿಯುತ್ತದೆ. ಮೂರು ಸಲ ಅಳೆದರೆ ಮೂರು ಥರ ಬರುವುದೂ ಸಹಜ. ಬಂದದ್ದನ್ನು ಬಂದ ಹಾಗೆ ಬರೆಯಿರಿ, ಎಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಬರೆಯಿರಿ. ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಥರ್ಮಾಮೀಟರು ಸರಿ ಇತ್ತು. ತಾತ ಸರಿ ಇದ್ದರು. ನಾವು ಬರೆದ ನೂರೇ ಅವರ ಅನ್ನ ಕಸಿದಿತ್ತು.

ರಜೆಗೆ ಬಂದವನೇ ಆ ರಫ್ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಪಾಪಿನಾಯಕನಹಳ್ಳಿಗೆ ಹೋದೆ. ತಾತ ಇರಲಿಲ್ಲ. ಸಂಡೂರಿನ ಗಣಿಗೆ ಕಲ್ಲು ಹೊರಲು ಹೋಗಿ, ಅಲ್ಲೇ ಜ್ವರ ಹಿಡಿದು ತೀರಿಕೊಂಡಿದ್ದರು. ಅವರ ಹೆಂಡತಿ ಕುಡಿಯಲು ನೀರು ಕೊಟ್ಟು, ತಾವೂ ಗೋಡೆಗೆ ಒರಗಿ ಕೂತರು.

"ಮೊದ್ಲು ನಾ ಬೀಳಿಸಿಲ್ಲ, ನಾ ಬೀಳಿಸಿಲ್ಲ ಅಂತಿದ್ರು. ಆಮ್ಯಾಲ, ಅಷ್ಟು ಮಂದಿ ಹುಡುಗ್ರು ಬರದದ್ದು ಸುಳ್ಳಾಗ್ತೈತೇನು, ನಾನೇ ಎಲ್ಲೋ ತಾಗಿಸಿರಬೇಕು ಅನ್ನಾಕ ಹತ್ತಿದ್ರು. ಹಂಗ ಅನ್ಕೊಂತನೇ ಹೋದ್ರು."

ಥರ್ಮಾಮೀಟರು ಸರಿಯಾಗೇ ಇತ್ತಮ್ಮಾ, ಅವರದೇನೂ ತಪ್ಪಿರಲಿಲ್ಲ ಎಂದೆ. ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು.

"ಅವ್ರು ಅಂದದ್ದು ಖರೇ ಅಂತ ಆವಾಗ ನಿನಗ ಗೊತ್ತಿತ್ತೇನಪ್ಪಾ?"

"ಇಲ್ಲಮ್ಮಾ," ಅಂದೆ. ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಅದು ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಪೆನ್ಸಿಲಿನ ಆ ಮೂರು ಅಂಕಿಗಳು ಮಾಸಿವೆ, ಆದರೆ ಓದಬಹುದು. ತೋರಿಸಬೇಕಾದವರಿಬ್ಬರೂ ಈಗಿಲ್ಲ...

ನರ್ಸಮ್ಮ ಸೂಜಿ ತೆಗೆದು ನನ್ನ ಮುಖ ನೋಡಿದಳು. "ಭಾಳ ನೋವಾತೇನ್ರೀ, ಅಜ್ಜಾರ?"

ಅದಕ್ಕೂ ಇಲ್ಲ ಅಂದೆ.