ಅಮಾಸಿ ದಿನದ ಅಪ್‌ಡೇಟ್

ಯಲಬುರ್ಗಾದ ಒಂದು ಶಾಲೆಯ ಲಿನಕ್ಸ್ ಲ್ಯಾಪ್‌ಟಾಪ್ ಅಪ್‌ಡೇಟ್ ಆಗುತ್ತಿಲ್ಲವೆಂದು ನನ್ನನ್ನು ಕರೆಸಿದ್ದರು. ಮರುದಿನ ಮಧ್ಯಾಹ್ನ ಮಕ್ಕಳಿಗೆ ಅದರಲ್ಲೇ ಪಾಠ. ಅಪ್‌ಡೇಟ್ ಹಚ್ಚಿ ನೋಡಿದರೆ, 'ಈ ಫೈಲ್ ಇನ್ನೂ ಜಾರಿಗೆ ಬಂದಿಲ್ಲ' ಎನ್ನುತ್ತಿತ್ತು. ನೆಟ್ ಛಲೋ ಇತ್ತು. ಕಡೆಗೆ ತಾರೀಖು ನೋಡಿದೆ, ಎರಡು ದಿನ ಹಿಂದಿತ್ತು.

"ಇದನ್ನ ಯಾರು ಬದಲಿ ಮಾಡ್ಯಾರ್ರಿ ಅಕ್ಕೋರ?"

"ನಾನರಿ," ಅಂದರು ಗಣಿತ ಕಲಿಸುವ ಅಕ್ಕೋರು, ಶಾಂತವಾಗಿ. "ಇವತ್ತು ಅಮಾಸಿ. ಹೊಸಾದು ಹಾಕಬಾರದಲ್ರಿ? ಅದಕ್ಕ ಹಿಂದಿನ ಒಂದು ಛಲೋ ದಿನ ಇಟ್ಟೀನಿ."

ಇವತ್ತು ಬಂದ ಫೈಲನ್ನು ಮೊನ್ನೆಯಲ್ಲಿದ್ದ ಲ್ಯಾಪ್‌ಟಾಪ್ ಹೇಗೆ ನಂಬೀತು? ತಾರೀಖು ಸರಿಮಾಡಿ ಅಪ್‌ಡೇಟ್ ಬಟನ್ ಒತ್ತಲು ಹೋದೆ, ಅವರು ಕೈ ಅಡ್ಡ ಹಿಡಿದರು.

"ಅಮಾಸಿ ಕಳೀಲಿ. ನಾಳೆ ಮುಂಜಾನೆ ನಾನ ಒತ್ತತೀನಿ."

ಮರುದಿನ ಪಾಠಕ್ಕೆ ಮುಂಚೆಯೇ ಫೋನ್ ಬಂತು. "ಎಲ್ಲಾ ಆತ್ರಿ. ನೋಡ್ರಿ, ದಿನ ಸರಿ ಇದ್ರ ಕೆಲಸ ತಾನ ಆಕೈತಿ."

"ಖರೇ ಐತ್ರಿ," ಅಂದೆ. ನಾನು ಸರಿಮಾಡಿ ಬಂದದ್ದೂ ದಿನವನ್ನೇ.