ದೇವರಿಗೆ ಎತ್ತಿಟ್ಟ ಲಾಡು

ಲೋಕಲ್ ರೈಲಿನಲ್ಲಿ ಪಕ್ಕ ಕೂತಿದ್ದ ಪುಟ್ಟ ಹುಡುಗಿ ಹೋಂವರ್ಕ್ ಪುಸ್ತಕವನ್ನು ನನ್ನ ಮುಂದೆ ಹಿಡಿದಳು. "ಪಾಟಿ, ಇದು ಸರಿಯಾ? ಮೊದಲ ಪೀರಿಯಡ್ಡಿಗೇ ಮಿಸ್ ನೋಡ್ತಾರೆ" ಎಂದು ಈ ಅಜ್ಜಿಯನ್ನು ತಮಿಳಿನಲ್ಲಿ ಕೇಳಿದಳು. ಇಪ್ಪತ್ತನಾಲ್ಕು ಲಾಡು, ಆರು ಮಕ್ಕಳು, ತಲೆಗೆ ಎಷ್ಟು? ನಾಲ್ಕು ಎಂದು ಬರೆದಿದ್ದಳು.

ಕ್ರೋಂಪೇಟೆ ಬರುತ್ತಿತ್ತು, ಅವಳು ಇಳಿಯಬೇಕು. ಧಾರವಾಡ ಬಿಟ್ಟು ನಲವತ್ತು ವರ್ಷವಾದರೂ ಲೆಕ್ಕ ನನಗೆ ಕನ್ನಡದಲ್ಲೇ ಆಗಬೇಕು. ಆರ್ ಮೂರ್ಲೆ ಹದಿನೆಂಟು ಎಂದು ಗೊಣಗಿಕೊಂಡೆ.

"ಮೂರು ಕಣಮ್ಮ. ಐದು ಉಳಿಯುತ್ತೆ."

"ಉಳಿಯಲ್ಲ ಅಂದಿದ್ರು ಮಿಸ್!"

"ಲಾಡು ಉಳಿದರೆ ಸಂಜೆಗಾಯಿತು. ಅಳಿಸು, ಬೇಗ."

ದೊಡ್ಡವರ ಮಾತೆಂದು ಅಳಿಸಿ, ಮೂರು ಬರೆದು ಇಳಿದುಹೋದಳು. ರೈಲು ಅಲುಗಿತು, ಆಗ ನನ್ನ ತಪ್ಪು ಹೊಳೆಯಿತು. ನಮ್ಮ ಮನೆಯಲ್ಲಿ ಏನನ್ನೇ ಹಂಚಲಿ, ಮೊದಲು ಒಂದನ್ನು ದೇವರಿಗೆ ಎತ್ತಿಡುವುದು ರೂಢಿ. ನಾನು ಹಂಚಿದ್ದು ಇಪ್ಪತ್ತಮೂರನ್ನು!

ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನಾಲ್ಕು ಬೆರಳು ತೋರಿಸಿದೆ, ಕೂಗಿದೆ. ಅವಳು ಐದೂ ಬೆರಳು ಬಿಡಿಸಿ, ನಗುತ್ತಾ ಟಾಟಾ ಮಾಡಿದಳು.

ತಾಂಬರಂವರೆಗೂ ನೆಟ್ಟಗೆ ಕೂರಲಾಗಲಿಲ್ಲ. ಲಾಡು ತಿನ್ನುವುದು ದೇವರು, ಮಾರ್ಕು ಕಳೆದುಕೊಳ್ಳುವುದು ಆ ಮಗು.