ಅತ್ತೆಮ್ಮನ ಎಡಮಗ್ಗುಲು

ಯಾರಿಗೇ ಆಗಲಿ ಒಂದು ಒಳ್ಳೆಯ ಮಗ್ಗುಲು ಇದ್ದೇ ಇರುತ್ತದೆ ಎಂಬುದು ಫೋಟೋ ಮಾಮನ ನಂಬಿಕೆ. ಮೆಟ್ಟಿಲ ಕೆಳಗಿನ ಅವನ ಸ್ಟುಡಿಯೋ ಎಂದರೆ ಒಂದು ತಿರುಗುವ ಸ್ಟೂಲು, ನೀಲಿ ಪರದೆ, ಕನ್ನಡಿ, ಅದರ ಕೆಳಗೆ ಪೌಡರ್ ಡಬ್ಬಿ, ಹಲ್ಲು ಮುರಿದ ಬಾಚಣಿಗೆ. ಬಂದವರ ಗಲ್ಲಕ್ಕೆ ಎರಡು ಬೆರಳಿಟ್ಟು ಇಷ್ಟೇ ಇಷ್ಟು ತಿರುಗಿಸಿದನೆಂದರೆ ಮೆಳ್ಳಗಣ್ಣು, ಸೊಟ್ಟ ಮೂಗು ಎಲ್ಲ ಮಂಗಮಾಯ. ತನ್ನ ಬಲಗೆನ್ನೆಯ ಸುಟ್ಟ ಕಲೆಯನ್ನೂ ಹೆಣ್ಣಿನ ಮನೆಗೆ ಕಳಿಸಿದ ಫೋಟೋದಲ್ಲಿ ಹೀಗೇ ಮುಚ್ಚಿಟ್ಟಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಸಾವಿರದಲ್ಲಿ ಇವರದ್ದೇ ಮೊದಲನೆಯದು ಎಂದು ಹೆಂಡತಿ ಇಂದಿಗೂ ಚುಚ್ಚುತ್ತಾಳೆ.

ಭಾನುವಾರ ಅವನು ಕ್ಯಾಮೆರಾ ಹೆಗಲಿಗೇರಿಸಿ ಊರಾಚೆಯ ಪ್ರಾಣಿಗಳ ಆಶ್ರಯಕ್ಕೆ ಹೋಗುತ್ತಿದ್ದ. ಬೀದಿಪಾಲಾದ, ಹೊಡೆತ ತಿಂದ ನಾಯಿಗಳನ್ನು ಸಾಕಿ, ಬೇಕೆಂದವರಿಗೆ ದತ್ತು ಕೊಡುವ ಜಾಗ ಅದು. ಒಂದೊಂದು ನಾಯಿಗೂ ಒಂದು ಫೋಟೋ, ಕೆಳಗೆ ನಾಲ್ಕು ಸಾಲು ವಿವರ. ಎರಡೂ ಅವನದೇ ಕೆಲಸ, ಅದೂ ಬಿಟ್ಟಿ. ನಾನು ಫೋಟೋ ತೆಗೆದ ನಾಯಿ ತಿಂಗಳೊಳಗೆ ಮನೆ ಸೇರುತ್ತದೆ ಎಂದು ಕಂಡಕಂಡವರ ಹತ್ತಿರ ಬೀಗುತ್ತಿದ್ದ.

ಆ ಜಂಬ ಇಳಿಸಿದವಳು ಅತ್ತೆಮ್ಮ. ಕಂದು ಬಣ್ಣದ ನಡುವಯಸ್ಸಿನ ನಾಯಿ, ಎಲ್ಲರ ಮೇಲೂ ಗುರ್ ಎನ್ನುತ್ತಿದ್ದುದರಿಂದ ಆ ಹೆಸರು. ಆಮೇಲೆ ಡಾಕ್ಟರು ನೋಡಿ, ಯಾರೋ ತಲೆಗೆ ಹೊಡೆದು ಎಡಗಣ್ಣು ಹೋಗಿದೆ, ಆ ಕಡೆಯಿಂದ ಬಂದವರು ಕಾಣದೆ ಬೆಚ್ಚುತ್ತಾಳೆ ಅಷ್ಟೇ ಎಂದರು. ಹೊರಗಿನಿಂದ ಕಣ್ಣು ನೆಟ್ಟಗೇ ಇತ್ತು. ಆಶ್ರಯ ನಡೆಸುವ ಅಕ್ಕ ಅದನ್ನು ಮರೆಯದೆ ಬರೆಯಲು ಮಾಮನಿಗೆ ಹೇಳಿದಳು. ಅವನು ಬರೆದ, ಓದಿಕೊಂಡ, ಇದನ್ನು ನೋಡಿದರೆ ಯಾರು ಬರುತ್ತಾರೆ ಎಂದುಕೊಂಡು ಆ ಸಾಲನ್ನು ತೆಗೆದುಹಾಕಿದ. ಅತ್ತೆಮ್ಮನ ಬಲಗಣ್ಣಿಗೆ ಬೆಳಕು ಬೀಳುವಂತೆ ಮುಖ ತಿರುಗಿಸಿ ಫೋಟೋ ಹೊಡೆದ.

ವಾರದೊಳಗೆ ನಿವೃತ್ತ ನರ್ಸಮ್ಮ ಒಬ್ಬರು ಬಂದರು. ವಿವರ ಓದಿದ್ರಲ್ಲ, ಒಪ್ಪಿಗೆ ತಾನೇ ಎಂದು ಅಕ್ಕ ಕೇಳಿದಳು. ಓದಿದೆ, ಒಪ್ಪಿಗೆ ಎಂದರು ಅವರು. ಹತ್ತನೆಯ ದಿನ ಅತ್ತೆಮ್ಮನ ಎಡಮಗ್ಗುಲು ರಸ್ತೆಯ ಕಡೆಗಿರುವಂತೆ ನಡೆಸಿಕೊಂಡು ಹೋಗುತ್ತಿದ್ದಾಗ ಆ ಕಡೆಯಿಂದ ಸ್ಕೂಟರೊಂದು ಬಂತು. ಅವಳಿಗೆ ಕಾಣಲಿಲ್ಲ. ಮುಂಗಾಲು ಎರಡು ಕಡೆ ಮುರಿಯಿತು.

ಸುದ್ದಿ ಬಂದ ಭಾನುವಾರ ಅಕ್ಕ ಗೋಡೆಯ ಮೇಲಿನ ಅತ್ತೆಮ್ಮನ ವಿವರವನ್ನು ಮತ್ತೆ ಮತ್ತೆ ಓದುತ್ತ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಮಾಮ ಸುಮ್ಮಸುಮ್ಮನೆ ಕ್ಯಾಮೆರಾ ಒರೆಸತೊಡಗಿದ.

"ಕಣ್ಣಿನ ವಿಷಯ ನಿಮಗೆ ಹೇಳೋದು ನಾನೇ ಮರೆತೆ ಅಂತ ಕಾಣುತ್ತೆ. ಅಲ್ವಾ ಮಾಮ?"

"ಇರಬಹುದು," ಎಂದ ಅವನು.

ಕಣ್ಣಿನ ಸಾಲು ಅಳಿಸಿದ್ದಕ್ಕೆ ನಾಯಿಯ ಮೇಲಿನ ಮರುಕ ಎಂಬ ನೆಪವಾದರೂ ಇತ್ತು. ಇದಕ್ಕೆ ಯಾವ ನೆಪವೂ ಇರಲಿಲ್ಲ. ಅಕ್ಕ ಅಂದಿನಿಂದ ನಾಯಿ ದತ್ತು ಕೊಡುವ ಕೆಲಸವನ್ನೇ ಬಿಟ್ಟು ಪಾತ್ರೆ ತೊಳೆಯಲು, ಗೂಡು ಗುಡಿಸಲು ನಿಂತಳು. ಜೀವದ ವಿಷಯದಲ್ಲಿ ಮರೆಯುವವಳನ್ನು ಆ ಕುರ್ಚಿಯಲ್ಲಿ ಕೂರಿಸಬಾರದಂತೆ. ಮಾಮ ಕನ್ನಡಿಯ ಮುಂದೆ ಹೋಗಲು ನಾಚಿಕೆಯಾಗಿ ಎರಡು ದಿನ ಗಡ್ಡ ಬಿಟ್ಟ. ಆದರೂ ಬಾಯಿ ಬಿಡಲಿಲ್ಲ.

ಮೂರು ವಾರ ಕಳೆದ ಮೇಲೆ ನರ್ಸಮ್ಮ ಸ್ಟುಡಿಯೋಕ್ಕೇ ಬಂದರು. ಕಂಕುಳಲ್ಲಿ ಅತ್ತೆಮ್ಮ, ಕಾಲಿಗೆ ಬಿಳಿ ಕಟ್ಟು. ನಾಯಿಯನ್ನು ವಾಪಸು ಕೊಡುವ ಮಾತೇ ಇರಲಿಲ್ಲ. ಮನೆ ಗೋಡೆಗೆ ಒಂದು ಫೋಟೋ ಬೇಕಿತ್ತು. ಆಶ್ರಯದ ಆ ಹುಡುಗಿ ಪಾಪ, ಮರೆತಳಂತೆ, ನನ್ನ ಮುಂದೆ ಅತ್ತೇ ಬಿಟ್ಟಳು ಎನ್ನುತ್ತ ನಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಮಾಮನ ಎರಡು ಬೆರಳು ತಮ್ಮಷ್ಟಕ್ಕೆ ತಾವೇ ಅತ್ತೆಮ್ಮನ ಗಲ್ಲಕ್ಕೆ ಹೋದವು. ಬೆರಳನ್ನು ನೋಡಿಕೊಂಡ. ನೆಲ ಬಿರಿದು ನುಂಗಬಾರದೇ ಎನಿಸಿತು.

"ಅವಳು ಮರೆತಿರಲಿಲ್ಲ. ನನಗೆ ಹೇಳಿದ್ದಳು. ನಾನೇ ತೆಗೆದುಹಾಕಿದೆ. ಓದಿದ್ರೆ ನೀವು ಬರಲ್ಲ ಅಂತ."

ನರ್ಸಮ್ಮ ಬೈಯಲಿಲ್ಲ. ಕಟ್ಟಿನ ಅಂಚನ್ನು ಸವರಿದರು.

"ಮೂವತ್ತು ವರ್ಷ ರೋಗಿಗಳನ್ನ ನೋಡಿಕೊಂಡವಳು ನಾನು. ಒಂದು ಕಣ್ಣಿಗೆ ಹೆದರ್ತಿದ್ನಾ? ಹೇಳಿದ್ದಿದ್ರೆ ಆ ಕಡೆ ನಾನು ನಡೀತಿದ್ದೆ, ಅಷ್ಟೇ."

ಮಾಮನಿಗೆ ತಲೆ ಎತ್ತಲಾಗಲಿಲ್ಲ. ಇದನ್ನು ಇವತ್ತೇ ಹೋಗಿ ಆ ಹುಡುಗಿಗೆ ಹೇಳಿ ಎಂದರು ಅವರು. ಹೇಳುತ್ತೇನೆ ಎಂದ. ಮೊದಲು ಫೋಟೋ ತೆಗೀರಿ, ಎಡಗಡೆಯಿಂದ ಎಂದರು.

ಅವನು ಕ್ಯಾಮೆರಾ ಹಿಡಿದು ಸುತ್ತಿಕೊಂಡು ಎಡಕ್ಕೆ ಬಂದ. ನೆಲದ ಮೇಲೆ ಚಪ್ಪಲಿ ಸದ್ದಾದದ್ದೇ ಅತ್ತೆಮ್ಮ ಬೆಚ್ಚಿ ಹಲ್ಲು ತೋರಿಸಿದಳು, ಕಟ್ಟಿನ ಕಾಲನ್ನು ಒಳಗೆ ಎಳೆದುಕೊಂಡಳು.

"ನಾನಮ್ಮಾ," ಎಂದ ಮಾಮ. "ಫೋಟೋ ಮಾಮ."

ದನಿ ಗುರುತು ಸಿಕ್ಕಿತು. ಅವಳು ಕಾಣದ ಕಣ್ಣನ್ನು ಅವನತ್ತ ತಿರುಗಿಸಿ ಬಾಲ ಅಲ್ಲಾಡಿಸಿದಳು. ಅದಕ್ಕಿಂತ ಕಚ್ಚಿದ್ದರೇ ವಾಸಿಯಿತ್ತು.